ಹದಿನೇಳರ ಮಗ್ಗಿಯ ವೇಗದಲ್ಲಿ

ಕಪ್ಪುಹಲಗೆಯ ಕೆಳಗೆ ಬಿದ್ದ ಸೀಮೆಸುಣ್ಣವನ್ನು ಸುಮಾರು ಹೊತ್ತು ನೋಡುತ್ತಾ ನಿಂತಿದ್ದೆ. ಬಗ್ಗಿ ಎತ್ತಿಕೊಂಡರೆ ಮುಗಿಯಿತು. ಆದರೆ ಹಿಂದಿನ ದಿನದಿಂದ ತೊಡೆಗಳೆರಡೂ ನನ್ನ ಮಾತು ಕೇಳುವುದನ್ನು ಬಿಟ್ಟಿದ್ದವು. ಬಗ್ಗಿದರೆ ಮತ್ತೆ ಏಳುತ್ತೇನೆಂಬ ಭರವಸೆ ಇರಲಿಲ್ಲ. ಒಂಬತ್ತನೇ ತರಗತಿಯ ಮಕ್ಕಳೆಲ್ಲ ಒಮ್ಮೆ ನನ್ನನ್ನು, ಒಮ್ಮೆ ಸುಣ್ಣದ ತುಂಡನ್ನು ನೋಡುತ್ತಿದ್ದರು. ಕೊನೆಗೆ ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು ಬಂದು, ಅದನ್ನೆತ್ತಿ ನನ್ನ ಕೈಗಿಟ್ಟಳು.

"ಕಾಲು ನೋವೇ ಮೇಡಂ?"

"ಇಲ್ಲಮ್ಮ, ಏನೋ ಯೋಚನೆ ಮಾಡುತ್ತಿದ್ದೆ."

ಗಣಿತದ ಮೇಡಂ ಯೋಚಿಸುತ್ತಿದ್ದಾರೆ ಎಂದರೆ ಮಕ್ಕಳು ಮುಂದೆ ಏನೂ ಕೇಳುವುದಿಲ್ಲ. ಮುಂದಿನ ಪ್ರಶ್ನೆ ತಮ್ಮ ಕಡೆಗೇ ಬರಬಹುದೆಂಬ ಭಯ ಅವರಿಗೆ.

ಇದು ಮಂಗಳವಾರದ ಮಾತು. ಅಪರಾಧ ನಡೆದದ್ದು ಭಾನುವಾರ, ದಾವಣಗೆರೆಯ ಕುಂದುವಾಡ ಕೆರೆಯ ಏರಿಯ ಮೇಲೆ. ಖಾಲಿ ಹೊಟ್ಟೆಯ ಸಕ್ಕರೆ 112 ಎಂದು ರಕ್ತಪರೀಕ್ಷೆಯ ಚೀಟಿಯಲ್ಲಿ ಬಂದಿತ್ತು. ಕಾಯಿಲೆಯಲ್ಲ, ಕಾಯಿಲೆಯ ಹೊಸ್ತಿಲು. ಅಪ್ಪನ ಇನ್ಸುಲಿನ್ ಸೂಜಿಗಳನ್ನು ನೋಡುತ್ತಲೇ ಬೆಳೆದವಳು ನಾನು, ಹೊಸ್ತಿಲ ಹೆಸರು ಕೇಳಿದರೂ ಸಾಕು. ನಲವತ್ತಾರನೇ ವಯಸ್ಸಿನಲ್ಲಿ ಓಡಲು ಹೊರಟೆ. ಮಗನ ಹಳೆಯ ಬೂಟು ಒಂದು ಅಳತೆ ದೊಡ್ಡದಾಗಿತ್ತು. ಎರಡು ಜೊತೆ ಕಾಲುಚೀಲ ತೊಟ್ಟು ಸರಿ ಮಾಡಿಕೊಂಡೆ. "ಆ ಬೆಂಚಿನವರೆಗೆ ಓಡುವುದು, ಆಮೇಲೆ ನಡೆಯುವುದು" ಎಂದು ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿದ್ದೆ. ಗೆರೆ ಸರಿಯಾಗಿಯೇ ಇತ್ತು.

ಬೆಂಚು ಹತ್ತಿರ ಬರುತ್ತಿದ್ದಂತೆ ಹಿಂದಿನಿಂದ ನಾಲ್ಕೈದು ಹುಡುಗರು ದಡದಡನೆ ಬಂದರು. ಪೊಲೀಸ್ ಕಾನ್‌ಸ್ಟೇಬಲ್ ನೇಮಕಾತಿಗೆ ತಯಾರಿ ಮಾಡುತ್ತಿದ್ದವರು. 1600 ಮೀಟರ್ ದೂರವನ್ನು ಆರೂವರೆ ನಿಮಿಷದೊಳಗೆ ಮುಗಿಸಬೇಕಾದವರಿಗೆ ಏರಿಯ ಮೇಲೆ ಯಾರಿದ್ದಾರೆಂದು ನೋಡುವ ಪುರಸೊತ್ತು ಇರಬಾರದು. ಆದರೆ ಅದರಲ್ಲಿ ಒಬ್ಬ ನನ್ನ ಹಳೆಯ ವಿದ್ಯಾರ್ಥಿ. ಬೀಜಗಣಿತದಲ್ಲಿ ಎರಡು ಸಲ ನಪಾಸಾಗಿ ನನ್ನ ಕೈಯಲ್ಲಿ ಬೈಸಿಕೊಂಡವನು. "ನಮಸ್ಕಾರ ಮೇಡಂ! ನೀವೂ ಓಡುತ್ತೀರಾ?" ಎಂದು ಹಲ್ಲು ಕಿಸಿದು ಮುಂದೆ ಹೋದ.

ಅವನ ಎದುರಿಗೆ ಬೆಂಚಿನ ಬಳಿ ನಿಲ್ಲುವುದು ಹೇಗೆ? ನಿಲ್ಲಲಿಲ್ಲ. ಅವನು ಗಾಜಿನ ಮನೆಯ ಕಡೆ ಕಣ್ಮರೆಯಾಗುವವರೆಗೂ ಓಡಿದೆ. ಅವನು ತಿರುಗಿ ಬಂದರೆ ಎಂದು ಇನ್ನಷ್ಟು ಓಡಿದೆ. ಬಾಯಲ್ಲಿ ಕಬ್ಬಿಣದ ರುಚಿ, ಪಕ್ಕೆಯಲ್ಲಿ ಚುಚ್ಚು. ಮನೆಗೆ ಬಂದು ನಮ್ಮ ಯಜಮಾನರಿಗೆ "ಪರವಾಗಿಲ್ಲ, ಇನ್ನೂ ದಮ್ಮಿದೆ" ಎಂದು ಬೀಗಿದ್ದೂ ಆಯಿತು. ಸೋಮವಾರ ಮಹಡಿಯ ಮೆಟ್ಟಿಲನ್ನು ಹಿಮ್ಮುಖವಾಗಿ ಇಳಿದೆ. ಮಂಗಳವಾರ ಸೀಮೆಸುಣ್ಣ. ಅಭ್ಯಾಸವಿಲ್ಲದ ಸ್ನಾಯುವಿನ ನೋವು ಎರಡನೇ ದಿನವೇ ಜೋರಾಗುವುದು ಸಹಜವಂತೆ. ಆಗ ಅದು ಗೊತ್ತಿದ್ದರೆ ಅಷ್ಟು ಹೆದರುತ್ತಿರಲಿಲ್ಲ.

ಹೆದರಿದರೂ ಬುದ್ಧಿ ಬರಲಿಲ್ಲ ಎನ್ನುವುದು ಬೇರೆ ಮಾತು. ನೋವು ಇಳಿದ ಕೂಡಲೇ ಮತ್ತೆ ಹೋದೆ, ಅದೇ ಬೂಟು, ಅದೇ ಹಟ. ಎರಡು ವಾರ ಕಳೆಯುವಷ್ಟರಲ್ಲಿ ಬಲಗಾಲಿನ ಹೆಬ್ಬೆರಳಿನ ಉಗುರು ಕಪ್ಪಗಾಗಿತ್ತು. ಮೊಣಕಾಲಿನ ಕೆಳಗೆ, ಮುಂಗಾಲ ಮೂಳೆಯ ಒಳಬದಿಯಲ್ಲಿ ಒಂದು ನೋವು ಶುರುವಾಗಿತ್ತು. ಇದು ತೊಡೆಯ ನೋವಿನಂತೆ ಬಂದು ಹೋಗುವ ಅತಿಥಿಯಲ್ಲ, ಬಾಡಿಗೆಗೆ ಬಂದು ನೆಲೆಸಿದ ನೋವು.

ಡಾಕ್ಟರು ಮೂಳೆಯ ಉದ್ದಕ್ಕೂ ಹೆಬ್ಬೆರಳಿನಿಂದ ಒತ್ತುತ್ತಾ ಬಂದರು. "ಬೆರಳಿಟ್ಟು ತೋರಿಸುವಂತೆ ಒಂದೇ ಕಡೆ ನೋವಿದೆಯೋ, ಉದ್ದಕ್ಕೂ ಇದೆಯೋ?" ಉದ್ದಕ್ಕೂ ಇತ್ತು. "ಹಾಗಾದರೆ ಪರವಾಗಿಲ್ಲ" ಎಂದರು. ಒಂದೇ ಬಿಂದುವಿನಲ್ಲಿದ್ದರೆ ಮೂಳೆಯಲ್ಲಿ ಸಣ್ಣ ಬಿರುಕು ಬಿಟ್ಟಿರುವ ಅನುಮಾನ ಪಡಬೇಕಾಗುತ್ತಿತ್ತಂತೆ. ಆಮೇಲೆ ಅವರು ಹೇಳಿದ ಒಂದು ಮಾತು ನನ್ನೊಳಗಿನ ಮೇಷ್ಟ್ರಿಗೆ ತಟ್ಟನೆ ಹಿಡಿಸಿತು: ಹೃದಯ ಮತ್ತು ಪುಪ್ಪುಸಗಳು ಚುರುಕು ವಿದ್ಯಾರ್ಥಿಗಳು, ಕೆಲವೇ ವಾರಗಳಲ್ಲಿ ಪಾಠ ಕಲಿತುಬಿಡುತ್ತವೆ, ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು "ಇನ್ನೂ ಓಡು" ಎನ್ನುವಾಗ ಕಾಲು ಇನ್ನೂ ಹಿಂದಿನ ಪಾಠದಲ್ಲೇ ಇರುತ್ತದೆ.

ತರಗತಿಯಲ್ಲಿ ನಾನು ಇಷ್ಟು ವರ್ಷಗಳಿಂದ ಮಾಡುತ್ತಾ ಬಂದ ತಪ್ಪು ಅದೇ ಅಲ್ಲವೇ? ಮುಂದಿನ ಸಾಲಿನವರ ಮುಖ ನೋಡಿ ಪಾಠ ಓಡಿಸುವುದು. ಇರಲಿ.

ಮನೆಗೆ ಬಂದು ಲೆಕ್ಕ ಹಾಕಿದೆ, ಲೆಕ್ಕ ಹಾಕದೆ ನನಗೆ ಯಾವುದೂ ನಂಬಿಕೆಯಾಗುವುದಿಲ್ಲ. ಓಡುವಾಗ ಪ್ರತಿ ಹೆಜ್ಜೆಗೂ ಮೈಭಾರದ ಎರಡರಿಂದ ಮೂರು ಪಟ್ಟು ಒತ್ತಡ ನೆಲದಿಂದ ಕಾಲಿಗೆ ಬರುತ್ತದೆ. ನನ್ನ ತೂಕ 64 ಕೆ.ಜಿ. ಎರಡೂವರೆ ಪಟ್ಟು ಎಂದರೆ 160. ನಮ್ಮೂರ ಮಾರುಕಟ್ಟೆಯ ಲೆಕ್ಕದಲ್ಲಿ ಒಂದೂವರೆ ಕ್ವಿಂಟಾಲ್ ಮೆಕ್ಕೆಜೋಳಕ್ಕೂ ಹೆಚ್ಚು. ನಿಮಿಷಕ್ಕೆ 150 ಹೆಜ್ಜೆ, ಇಪ್ಪತ್ತು ನಿಮಿಷ. ಒಂದೊಂದು ಕಾಲಿಗೆ 1500 ಸಲ ಈ ಹೊರೆ. ವರ್ಷಗಟ್ಟಲೆ ಕುರ್ಚಿ, ಕಪ್ಪುಹಲಗೆ, ಸ್ಕೂಟರ್ ಬಿಟ್ಟು ಬೇರೇನೂ ಕಂಡಿಲ್ಲದ ಕಾಲು. ಅದು ಮುಷ್ಕರ ಹೂಡಿದ್ದರಲ್ಲಿ ತಪ್ಪಿರಲಿಲ್ಲ.

ಮೂರು ವಾರ ಓಟ ನಿಲ್ಲಿಸಿದೆ. ನಡಿಗೆ ಮಾತ್ರ, ಅದೂ ನೋವಿಲ್ಲದಷ್ಟು. ಹೊಸ ಬೂಟು ಕೊಂಡೆ, ಬೆರಳುಗಳ ಮುಂದೆ ಹೆಬ್ಬೆರಳಿನ ಅಗಲದಷ್ಟು ಜಾಗ ಬಿಟ್ಟು. ಆಮೇಲೆ ಎರಡನೆಯ ಸಲ ಶುರು ಮಾಡಿದ್ದು ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ ಎಂಬ ಲೆಕ್ಕದಲ್ಲಿ. ಹಾಗೆ ಏಳು ಸಲ. ಸೋಮವಾರ, ಬುಧವಾರ, ಶುಕ್ರವಾರ. ಮಧ್ಯದ ದಿನಗಳಲ್ಲಿ ಓಡಬೇಕೆನಿಸಿದರೂ ಇಲ್ಲ. ಓಟ ನಡಿಗೆ ಬೆರೆಸುವುದು ಸೋಲಿನ ಗುರುತು ಎಂದುಕೊಂಡಿದ್ದೆ. ಆದರೆ ಇದನ್ನು ಪದ್ಧತಿಯಾಗಿ ಹರಡಿದ ಅಮೆರಿಕದ ಜೆಫ್ ಗ್ಯಾಲೋವೇ 1972ರ ಒಲಿಂಪಿಕ್ಸ್‌ನಲ್ಲಿ ಓಡಿದ್ದವರು ಎಂದು ತಿಳಿದ ಮೇಲೆ ನನಗೆ ನಾಚಿಕೆಪಡುವ ಹಕ್ಕು ಉಳಿಯಲಿಲ್ಲ.

ವಾರಕ್ಕೆ ಶೇಕಡಾ ಹತ್ತಕ್ಕಿಂತ ಹೆಚ್ಚಿಸಬೇಡಿ ಎಂದೂ ಒಬ್ಬರು ಹೇಳಿದರು. ಏಳು ನಿಮಿಷದ ಓಟಕ್ಕೆ ಶೇಕಡಾ ಹತ್ತು ಎಂದರೆ ನಲವತ್ತೆರಡು ಸೆಕೆಂಡು. ಅಷ್ಟು ಸೂಕ್ಷ್ಮ ನನ್ನಿಂದಾಗಲಿಲ್ಲ. ಕಾಲು ತಕರಾರು ಮಾಡದಿದ್ದ ವಾರ ಓಟದ ತುಂಡನ್ನು ಅರ್ಧ ನಿಮಿಷ ಉದ್ದ ಮಾಡಿದೆ, ತಕರಾರು ಮಾಡಿದ ವಾರ ಹಳೆಯದನ್ನೇ ಮತ್ತೆ ಓಡಿದೆ. ದೊಡ್ಡ ಕಷ್ಟವಿದ್ದದ್ದು ವೇಗದಲ್ಲಿ. ನಿಧಾನ ಎಂದರೆ ಎಷ್ಟು ನಿಧಾನ? ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಆಗದಿದ್ದರೆ ವೇಗ ಹೆಚ್ಚಾಗಿದೆ ಎಂದು ಡಾಕ್ಟರು ಹೇಳಿದ್ದರು. ಬೆಳಿಗ್ಗೆ ಐದೂಮುಕ್ಕಾಲಕ್ಕೆ ನನ್ನ ಜೊತೆ ಮಾತಾಡಲು ಯಾರಿದ್ದಾರೆ? ಹಾಗಾಗಿ ಮಗ್ಗಿ ಹೇಳತೊಡಗಿದೆ. ಎರಡರ, ಐದರ ಮಗ್ಗಿ ಬಾಯಿಗೇ ಬಂದುಬಿಡುತ್ತವೆ, ಪರೀಕ್ಷೆಯಾಗುವುದಿಲ್ಲ. ಹದಿನೇಳರದು ಸರಿ. ಹದಿನೇಳು ಒಂದಲಿ ಹದಿನೇಳು, ಹದಿನೇಳು ಎರಡಲಿ ಮೂವತ್ತನಾಲ್ಕು. "ನೂರ ಹತ್ತೊಂಬತ್ತು" ಎನ್ನುವಾಗ ನಡುವೆ ಉಸಿರು ಕಡಿದರೆ ಕಾಲು ಇನ್ನೂ ನಿಧಾನ ಮಾಡಬೇಕು. ಏರಿಯ ಮೇಲೆ ಒಬ್ಬಳೇ ಗುನುಗುತ್ತಾ ಹೋಗುವ ನನ್ನನ್ನು ನೋಡಿ ಯಾವುದೋ ಮಂತ್ರವೆಂದು ಕೆಲವರು ತಿಳಿದಿದ್ದಾರೆ. ನಾಯಿಗಳ ಗುಂಪು ಕಂಡರೆ ಮಾತ್ರ ಮಗ್ಗಿ, ಓಟ ಎರಡೂ ಬಂದ್. ಅವು ಮಲಗಿದ ಜಾಗ ದಾಟುವವರೆಗೆ ಸಾಧು ನಡಿಗೆ.

ಒಂಬತ್ತನೇ ವಾರದ ಒಂದು ಶುಕ್ರವಾರ. ಭದ್ರಾ ನಾಲೆಯ ನೀರು ಬಂದು ಕೆರೆ ತುಂಬಿತ್ತು, ಆಚೆ ದಡದ ಗಾಜಿನ ಮನೆಯ ಮೇಲೆ ಬಿಸಿಲು ಆಗಷ್ಟೇ ಬಿದ್ದಿತ್ತು. ಒಂದೇ ಸಮನೆ ಓಡುತ್ತಿದ್ದೆ. ಹಳೆಯ ವಿದ್ಯಾರ್ಥಿ ಎದುರಿಗೆ ಸಿಕ್ಕ. "ಇನ್ನೊಂದು ಸುತ್ತು ಬನ್ನಿ ಮೇಡಂ" ಎಂದ. "ಇಲ್ಲಪ್ಪಾ, ಇವತ್ತಿನ ಪಾಠ ಇಷ್ಟೇ" ಎಂದೆ. ಅವನು ಹೋದ ಸ್ವಲ್ಪ ಹೊತ್ತಿಗೆ ಹಿಂದಿನಿಂದ ಸೀರೆಯ ಮೇಲೆ ಸ್ವೆಟರ್ ಹಾಕಿಕೊಂಡ ಅಜ್ಜಿಯೊಬ್ಬರು ಬಿರಬಿರನೆ ನಡೆಯುತ್ತಾ ಬಂದು, ಓಡುತ್ತಿದ್ದ ನನ್ನನ್ನು ಹಿಂದಿಕ್ಕಿದರು. ಹಿಂದಿಕ್ಕಿದ್ದು ಸಾಲದೆಂದು ತಿರುಗಿಯೂ ನೋಡಿದರು.

"ಏನವ್ವಾ, ಓಡುವುದಕ್ಕಿಂತ ನಡೆದರೇ ನೀನು ಬೇಗ ಹೋಗುತ್ತೀಯಲ್ಲ?"

"ಹೌದಜ್ಜಿ, ಬೇಗ ಹೋಗಬಾರದು ಎಂದೇ ಓಡುತ್ತಿದ್ದೇನೆ, ನೀವು ಮುಂದೆ ನಡೆಯಿರಿ, ನಾನು ಹಿಂದಿನಿಂದ ಬರುತ್ತೇನೆ" ಎಂದೆ, ನಡುವೆ ಒಮ್ಮೆಯೂ ಉಸಿರು ಎಳೆದುಕೊಳ್ಳದೆ. ಅಜ್ಜಿ ನಕ್ಕು ಮುಂದೆ ಹೋದರು. ಮಗ್ಗಿಯನ್ನು ಎಲ್ಲಿ ಬಿಟ್ಟಿದ್ದೆನೋ ಮರೆತುಹೋಗಿತ್ತು. ಮತ್ತೆ ಒಂದಲಿಯಿಂದ ಶುರು ಮಾಡಿದೆ.