ಕಾರವಾರದಿಂದ ಕೈಗಾ ದಾರಿಯಲ್ಲಿ

ದೇವಿಮನೆ ಘಾಟ್ ಇಳಿದು ಕುಮಟಾ, ಅಂಕೋಲಾ ದಾಟಿ ಕಾರವಾರ ಮುಟ್ಟಿದಾಗ ಊಟದ ಹೊತ್ತು ಮೀರಿತ್ತು. ಜೊತೆಗೆ ಅಕ್ಕನ ಮಗಳು. ಪಿಯುಸಿ ಸೈನ್ಸ್ ಓದುತ್ತಾಳೆ. ಊಟ ಮುಗಿಸಿ ಅವಳನ್ನು ಸದಾಶಿವಗಡ ಹತ್ತಿಸಿದೆ. ಸೋದೆ ಅರಸರ ಕಾಲದ ಕೋಟೆ, ಬಹಳ ಹಳೇದು ಎಂದೆ. "ಕೋಟೆ ಬಿಡು ಮಾವ, ಈ ಬಂಡೆ ಎಷ್ಟು ಹಳೇದು?" ಎಂದಳು.

ಕಾರವಾರದ ಸುತ್ತ ಸುಮಾರು 320 ಕೋಟಿ ವರ್ಷ ಹಿಂದಿನ ಬಂಡೆಗಳಿವೆ. ಹಿಂದೊಮ್ಮೆ ಈ ಕರಾವಳಿಗೆ ಮಡಗಾಸ್ಕರ್ ಅಂಟಿಕೊಂಡಿತ್ತು. ಅದು ಬೇರೆಯಾಗಿದ್ದು ಸುಮಾರು 8.8 ಕೋಟಿ ವರ್ಷದ ಹಿಂದೆ, ಅಂದರೆ ಬಂಡೆಯ ಲೆಕ್ಕದಲ್ಲಿ ಮೊನ್ನೆ ಮೊನ್ನೆ. ಭೂಮಿಯ ವಯಸ್ಸೋ 454 ಕೋಟಿ ವರ್ಷ. ಅದರ ಮೊದಮೊದಲ ನೆಲ ಕರಗಿ, ಮಡಚಿ, ಹೊಸದಾಗಿ ಹೋಗಿದೆ. ಹಾಗಾಗಿಯೇ 1956ರಲ್ಲಿ ವಿಜ್ಞಾನಿ ಕ್ಲೇರ್ ಪ್ಯಾಟರ್ಸನ್ ಭೂಮಿಯ ವಯಸ್ಸನ್ನು, ಅದರ ಜೊತೆಗೇ ಹುಟ್ಟಿದ ಉಲ್ಕಾಶಿಲೆಗಳಲ್ಲಿ ಯುರೇನಿಯಂನಿಂದ ಆದ ಸೀಸ ಅಳೆದು ಲೆಕ್ಕ ಹಾಕಿದರು.

ಮರುದಿನ ಬೆಳಿಗ್ಗೆ ಮಾಜಾಳಿಯಿಂದ ಗುಡ್ಡ ದಾಟಿ ತಿಳಮಾತಿ ಕಡಲತೀರಕ್ಕೆ ನಡೆದೆವು. ಎಳ್ಳಿನಂಥ ಕಪ್ಪು ಮರಳು. ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡುವಷ್ಟೂ ಖುಷಿ. ಬಿಸಿಲು ಏರುವ ಮೊದಲೇ ಹೋಗಿ, ಆಮೇಲೆ ಕಾಲು ಸುಡುತ್ತದೆ.

ಇಲ್ಲಿ ಬಂಡೆ ಸವೆದು ಮರಳಾಗಿದೆ. ಗ್ರಹಗಳ ಕಥೆ ಇದಕ್ಕೆ ಉಲ್ಟಾ. ಎಳೆಯ ಸೂರ್ಯನ ಸುತ್ತ ಅನಿಲ, ಧೂಳಿನ ಚಪ್ಪಟೆ ತಟ್ಟೆಯೊಂದು ತಿರುಗುತ್ತಿತ್ತು. ಧೂಳು ಧೂಳಿಗೆ ಅಂಟಿತು, ಹರಳಾಯಿತು. ಹರಳುಗಳು ಗುಂಪಾಗಿ ಕಿಲೋಮೀಟರ್ ಅಗಲದ ಗುಂಡುಗಳಾದವು. ಅಲ್ಲಿಂದ ಮುಂದೆ ಗುರುತ್ವವೇ ಎಳೆದು ಎಳೆದು ಬೆಳೆಸಿತು. ಸೂರ್ಯನ ಹತ್ತಿರ ಶಾಖ ಜಾಸ್ತಿ, ಕಲ್ಲು ಮತ್ತು ಲೋಹ ಮಾತ್ರ ಗಟ್ಟಿಯಾಗಿ ಉಳಿದವು. ದೂರದಲ್ಲಿ ಮಂಜುಗಡ್ಡೆಯೂ ಸೇರಿತು. ಅದಕ್ಕೇ ಗುರು ಬೇಗ ದೊಡ್ಡವನಾಗಿ, ಸುತ್ತಲಿನ ಅನಿಲವನ್ನೂ ಎಳೆದುಕೊಂಡು 318 ಭೂಮಿಗಳಷ್ಟು ತೂಕಕ್ಕೆ ಬೆಳೆದ. ಇದು ಬರೀ ಊಹೆಯಲ್ಲ. 2014ರಲ್ಲಿ ಚಿಲಿಯ ಆಲ್ಮಾ ದೂರದರ್ಶಕ ಎಚ್‌ಎಲ್ ಟೌ ಎಂಬ ಎಳೆ ನಕ್ಷತ್ರದ ಸುತ್ತ ಅಂಥದೇ ತಟ್ಟೆಯ ಚಿತ್ರ ತೆಗೆದಿದೆ, ಬಳೆ ಬಳೆಯಾಗಿ.

ಟಾಗೋರ್ ಕಡಲತೀರದ ಚಪಲ್ ಯುದ್ಧನೌಕೆಯನ್ನು ಬೇಗ ನೋಡಿ ಹೊರಟೆವು. ಅಲ್ಲಿ ಹೇಳಬೇಕಾದ್ದು ಇಷ್ಟೇ: ಅದರ ಕಬ್ಬಿಣ ನಕ್ಷತ್ರಗಳೊಳಗೆ, ಅವುಗಳ ಸ್ಫೋಟದಲ್ಲಿ ಆದದ್ದು.

ವಾಪಸ್ ಬರಲು ಕದ್ರಾ, ಕೈಗಾ, ಯಲ್ಲಾಪುರದ ದಾರಿ ಹಿಡಿದೆವು. ಕಾಳಿ ಕಣಿವೆ, ದಟ್ಟ ಕಾಡು. ನನ್ನ ಕೇಳಿದರೆ ಜಗತ್ತಿನ ಹುಟ್ಟಿನ ಬಗ್ಗೆ ಯೋಚಿಸಲು ಈ ಜಿಲ್ಲೆಯಲ್ಲಿ ಕೈಗಾದಷ್ಟು ಒಳ್ಳೆ ಜಾಗ ಬೇರೆ ಇಲ್ಲ. ಅಲ್ಲಿ 220 ಮೆಗಾವ್ಯಾಟಿನ ನಾಲ್ಕು ಅಣು ರಿಯಾಕ್ಟರ್‌ಗಳಿವೆ. ಮೊದಲ ಘಟಕ 2018ರ ಕೊನೆಯವರೆಗೆ ಸತತ 962 ದಿನ ನಿಲ್ಲದೆ ಓಡಿ ದಾಖಲೆ ಮಾಡಿತ್ತು. ಅವಕ್ಕೆ ಬೇಕಾದ್ದು ಎರಡು: ಯುರೇನಿಯಂ, ಭಾರಜಲ.

ಭಾರಜಲದಲ್ಲಿರುವುದು ಡ್ಯೂಟೀರಿಯಂ, ಜಲಜನಕದ ತೂಕದ ಅಣ್ಣ. ಸಮುದ್ರದ ನೀರಿನಲ್ಲಿ ಸುಮಾರು 6400 ಜಲಜನಕ ಪರಮಾಣುಗಳಿಗೆ ಒಂದು ಸಿಗುತ್ತದೆ. ನಕ್ಷತ್ರಗಳು ಇದನ್ನು ಸುಟ್ಟು ಮುಗಿಸುತ್ತವೆಯೇ ಹೊರತು ಉಳಿಸುವುದಿಲ್ಲ. ಹಾಗಾದರೆ ಎಲ್ಲಿಂದ ಬಂತು? 1380 ಕೋಟಿ ವರ್ಷದ ಹಿಂದೆ, ಮಹಾಸ್ಫೋಟದ ಮೊದಲ ಕೆಲವೇ ನಿಮಿಷಗಳಲ್ಲಿ. ಜಗತ್ತು ಹಿಗ್ಗುತ್ತಾ ಬೇಗ ತಣ್ಣಗಾಯಿತು. ಹೆಚ್ಚಿನದು ಹೀಲಿಯಂ ಆಗಿಹೋಗಿ, ಚೂರುಪಾರು ಹೀಗೆ ಉಳಿದುಕೊಂಡಿತು. ಯುರೇನಿಯಂ ಬಹಳ ತಡವಾಗಿ ಬಂದದ್ದು. ನ್ಯೂಟ್ರಾನ್ ನಕ್ಷತ್ರಗಳು, ಅಂದರೆ ಸತ್ತ ನಕ್ಷತ್ರಗಳ ಗಟ್ಟಿ ತಿರುಳುಗಳು, ಡಿಕ್ಕಿ ಹೊಡೆದಾಗ ಇಂಥ ಭಾರದ ಧಾತುಗಳು ಹುಟ್ಟುತ್ತವೆ. ಮೊದಲ ನಿಮಿಷಗಳ ಪಳೆಯುಳಿಕೆ, ಸತ್ತ ನಕ್ಷತ್ರಗಳ ಉಳಿಕೆ, ಎರಡೂ ಕಾಳಿ ದಡದ ಒಂದೇ ಪಾತ್ರೆಯಲ್ಲಿ!

"ಯುರೇನಿಯಂ ತಾನಾಗೇ ಕಮ್ಮಿ ಆಗ್ತಾ ಇರುತ್ತಲ್ವಾ ಮಾವ? ಭೂಮಿ ಹುಟ್ಟಿದಾಗ ಎಷ್ಟಿತ್ತು?" ಎಂದಳು. ನೀನೇ ಲೆಕ್ಕ ಹಾಕು ಎಂದೆ. ಸುಲಭವಾಗಿ ಒಡೆಯುವ 235 ಎಂಬ ಬಗೆ ಈಗ ನೂರಕ್ಕೆ 0.7 ಮಾತ್ರ ಇದೆ. ಅದು 70 ಕೋಟಿ ವರ್ಷಕ್ಕೊಮ್ಮೆ ಅರ್ಧವಾಗುತ್ತದೆ. ಉಳಿದ ಬಹುಪಾಲು 238 ಎಂಬ ಬಗೆ, ಅದಕ್ಕೆ ಅರ್ಧವಾಗಲು ಸುಮಾರು 447 ಕೋಟಿ ವರ್ಷ ಬೇಕು. ಘಾಟ್ ಏರುವಾಗ ನೆಟ್‌ವರ್ಕ್ ಹೋಯಿತು, ಕ್ಯಾಲ್ಕುಲೇಟರ್ ಮಾತ್ರ ನಡೆಯುತ್ತಿತ್ತು. ಯಲ್ಲಾಪುರದ ಹತ್ತಿರ ಉತ್ತರ ಬಂತು: ಆಗಿನ ಯುರೇನಿಯಂನಲ್ಲಿ 235ರ ಪಾಲು ಹೆಚ್ಚುಕಮ್ಮಿ ಕಾಲು ಭಾಗ.