ಜಿಗ್ ಎರಕಕ್ಕೆ ಎಂಥ ಸೀಸ?

ಗಾಳದ ಜಿಗ್, ಅಂದರೆ ಕೊಕ್ಕೆಗೆ ಸೀಸದ ತಲೆ ಕೂಡಿಸಿದ ಮೀನಿನ ಆಮಿಷ, ಎರೆಯಲು ನನಗೆ ಮೆತ್ತನೆಯ ಸೀಸವೇ ಬೇಕು. ಉಗುರಲ್ಲಿ ಗೀರಿದರೆ ಗೆರೆ ಬೀಳಬೇಕು. ಹಳೇ ಸೀಸದ ಪೈಪು ಸಿಕ್ಕರೆ ಬಿಡುವುದಿಲ್ಲ. ಕಾರಿನ ಚಕ್ರಕ್ಕೆ ಹಾಕುವ ತೂಕದ ತುಂಡುಗಳಲ್ಲೂ ಸೀಸ ಸಿಗುತ್ತದೆ, ಆದರೆ ಅವುಗಳಲ್ಲಿ ಸತುವಿನವೂ ಸೇರಿರುತ್ತವೆ. ಸೀಸ 327 ಡಿಗ್ರಿ ಸೆಲ್ಸಿಯಸ್‌ಗೆ ಕರಗುತ್ತದೆ, ಸತುವಿಗೆ ಸುಮಾರು 420 ಬೇಕು. ಉರಿ ಹದವಾಗಿದ್ದರೆ ಸತು ಕರಗದೆ ತೇಲುತ್ತದೆ, ಎತ್ತಿ ಹಾಕಬಹುದು. ಬ್ಯಾಟರಿಯ ಸೀಸ ಮಾತ್ರ ಬೇಡವೇ ಬೇಡ, ಅದರ ವಿಷ ಜಾಸ್ತಿ.

ಚೂರು ಮೇಣ ಹಾಕಿ ಕಲಕಿದರೆ ಬೂದುಬಣ್ಣದ ಕಿಟ್ಟ ಮೇಲೆ ಬರುತ್ತದೆ. ಅದನ್ನು ಸರಿಸಿದಾಗ ಕೆಳಗೆ ಕನ್ನಡಿಯಂತೆ ಹೊಳೆಯುತ್ತದಲ್ಲ, ಅದು ನನಗೆ ತುಂಬಾ ಇಷ್ಟ. ನೀರಿನ ಒಂದೇ ಹನಿ ಒಳಗೆ ಹೋದರೂ ಥಟ್ಟನೆ ಆವಿಯಾಗಿ ಸೀಸ ಮುಖಕ್ಕೇ ಸಿಡಿಯುತ್ತದೆ. ಅದಕ್ಕೇ ಅಚ್ಚನ್ನು ಬಿಸಿ ಮಾಡಿ, ತೇವ ಆರಿಸಿಯೇ ಹೊಯ್ಯುತ್ತೇನೆ. ಕರಗಿಸುವುದು ಬಯಲಲ್ಲೇ. ಆ ಪಾತ್ರೆ ಮತ್ತೆ ಅಡುಗೆಮನೆಗೆ ಹೋಗಬಾರದು.