ರೆಡ್ ಆಕ್ಸೈಡ್ ನೆಲ ಹಾಕಿಸುವವರಿಗೆ

ಹಳೇ ಮನೆಗಳ ಕೆಂಪು ನೆಲದ ಹೊಳಪೆಲ್ಲ ಮೇಸ್ತ್ರಿಯ ಕರಣೆಯದ್ದು. ಹಾಗಾಗಿ ಮೊದಲು ಈ ಕೆಲಸದಲ್ಲಿ ಕೈ ಪಳಗಿದವರನ್ನು ಹುಡುಕಿ, ಸಾಮಾನು ಆಮೇಲೆ ತನ್ನಿ.

ಕೆಳಗಿನ ಕಾಂಕ್ರೀಟ್ ಗಟ್ಟಿಯಾಗಿರಬೇಕು. ಅದು ಕುಸಿದರೆ ಮೇಲಿನ ಪದರವೂ ಸೀಳುತ್ತದೆ. ಅದರ ಮೇಲೆ 1:3 ಸಿಮೆಂಟು-ಮರಳಿನ ಗಾರೆ. ಗಾರೆ ಹಸಿಯಿರುವಾಗಲೇ ಬಣ್ಣದ ತೆಳು ಪದರ: ಮೂರು ಪಾಲು ಸಿಮೆಂಟಿಗೆ ಒಂದು ಪಾಲು ರೆಡ್ ಆಕ್ಸೈಡ್, ಅಂದರೆ ಕೆಂಪು ಬಣ್ಣದ ಪುಡಿ. ಇಡೀ ಕೋಣೆಗೆ ಬೇಕಾದಷ್ಟನ್ನು ಒಣದಾಗಿಯೇ ಒಟ್ಟಿಗೆ ಬೆರೆಸಿ ಜರಡಿ ಹಿಡಿಯಿರಿ. ಅರ್ಧದಲ್ಲಿ ಸಾಲದೆ ಮತ್ತೆ ಬೆರೆಸಿದರೆ ಒಂದೇ ನೆಲದಲ್ಲಿ ಎರಡು ಕೆಂಪು ಕಾಣುತ್ತದೆ, ಯಾವ ಪಾಲಿಶ್‌ಗೂ ಅದು ಮರೆಯಾಗದು.

ನೀರು ಹೆಚ್ಚಾದರೆ, ಪದರ ದಪ್ಪವಾದರೆ, ಫ್ಯಾನ್ ಗಾಳಿಗೆ ಬೇಗ ಒಣಗಿದರೆ ಕೂದಲೆಳೆಯ ಬಿರುಕು ಖಂಡಿತ. ದೊಡ್ಡ ಹಜಾರವನ್ನು ಹಿತ್ತಾಳೆ ಪಟ್ಟಿಯಿಂದ ಸುಮಾರು 4 ಅಡಿಯ ಚೌಕಗಳಾಗಿ ಭಾಗಿಸಿ. ಪಟ್ಟಿ ಚಂದವೂ ಹೌದು, ಬಿರುಕನ್ನು ತಡೆಯುತ್ತದೆ ಕೂಡ. ಕಿಟಕಿ ಮುಚ್ಚಿ, ಕನಿಷ್ಠ 7 ದಿನ ನೆಲದ ಮೇಲೆ ನೀರು ನಿಂತಿರುವಂತೆ ನೋಡಿಕೊಳ್ಳಿ. ಪೂರ್ತಿ ಒಣಗಿದ ಮೇಲೆ ತೆಂಗಿನೆಣ್ಣೆ ತೆಳುವಾಗಿ ಸವರಿ ಬಟ್ಟೆಯಿಂದ ಉಜ್ಜಿ. ಒರೆಸಲು ಬರೀ ನೀರು ಸಾಕು. ಆಸಿಡ್ ಸಿಮೆಂಟನ್ನೇ ತಿನ್ನುತ್ತದೆ, ದಯವಿಟ್ಟು ಹತ್ತಿರ ತರಬೇಡಿ.